ಆದೇಶ ಹುಟ್ಟಿಸಿತು, ಊರು ಸಾಕಿತು

1850ರ ಸೆಪ್ಟೆಂಬರ್ 4ರಂದು ಸ್ಪೇನಿನ ರಾಣಿ ಎರಡನೆಯ ಇಸಬೆಲ್ಲಳ ಸರ್ಕಾರ ಒಂದು ರಾಜಾದೇಶ ಹೊರಡಿಸಿತು. ವಾಣಿಜ್ಯ, ಶಿಕ್ಷಣ ಮತ್ತು ಲೋಕೋಪಯೋಗಿ ಖಾತೆಗಳನ್ನು ನೋಡಿಕೊಳ್ಳುತ್ತಿದ್ದ ಮಂತ್ರಿ ಮನುವೆಲ್ ಸೇಹಾಸ್ ಲೊಸಾನೊ ರೂಪಿಸಿದ ಆ ಆದೇಶದಿಂದ ಸ್ಪೇನಿನಲ್ಲಿ ಕೈಗಾರಿಕಾ ಎಂಜಿನಿಯರ್ ಎಂಬ ಹೊಸ ವೃತ್ತಿ ಕಾನೂನಿನ ಪ್ರಕಾರ ಅಸ್ತಿತ್ವಕ್ಕೆ ಬಂತು. ನಮ್ಮ ಕಾಲೇಜುಗಳಲ್ಲಿ ಇದೇ ಹೆಸರಿನ ವಿಭಾಗ ಕಾರ್ಖಾನೆಯ ಉತ್ಪಾದನೆ ಮತ್ತು ನಿರ್ವಹಣೆಗೆ ಸೀಮಿತ. ಸ್ಪೇನಿನಲ್ಲಿ ಹಾಗಲ್ಲ. ಉಗಿಯಂತ್ರ, ರಸಾಯನ, ಲೋಹ, ನೇಯ್ಗೆ, ಮುಂದೆ ವಿದ್ಯುತ್ತು, ಹೀಗೆ ಗಿರಣಿಯೊಂದಕ್ಕೆ ಬೇಕಾಗುವ ಎಲ್ಲವನ್ನೂ ಬಲ್ಲವನೇ ಅಲ್ಲಿನ ಕೈಗಾರಿಕಾ ಎಂಜಿನಿಯರ್. ಆ ದೇಶದ ಕೈಗಾರಿಕಾ ಎಂಜಿನಿಯರಿಂಗ್ ಶಾಲೆಗಳು ಇವತ್ತಿಗೂ 1850ರ ಆದೇಶವನ್ನೇ ತಮ್ಮ ಜನ್ಮಪತ್ರವೆಂದು ಭಾವಿಸುತ್ತವೆ. ಕಾನೂನಿನ ಲೆಕ್ಕದಲ್ಲಿ ಅದು ಸರಿಯೇ. ಆದರೆ ಆ ಆದೇಶ ಹುಟ್ಟುಹಾಕಿದ ಶಾಲೆಗಳ ಪೈಕಿ ಹದಿನೇಳು ವರ್ಷಗಳಲ್ಲಿ ಒಂದನ್ನುಳಿದು ಎಲ್ಲವೂ ಮುಚ್ಚಿದವು. ಉಳಿದದ್ದು ಬಾರ್ಸಿಲೋನಾದ ಶಾಲೆ. 1867ರಿಂದ 1899ರವರೆಗೆ, ಮೂವತ್ತೆರಡು ವರ್ಷ, ಇಡೀ ಸ್ಪೇನಿಗೆ ಕೈಗಾರಿಕಾ ಎಂಜಿನಿಯರುಗಳನ್ನು ಕೊಟ್ಟದ್ದು ಅದೊಂದೇ. ಉಳಿದವೆಲ್ಲ ಏಕೆ ಸತ್ತವು, ಇದೊಂದು ಏಕೆ ಬದುಕಿತು ಎಂದು ಕೇಳಿದರೆ ಉತ್ತರ ಮ್ಯಾಡ್ರಿಡ್ಡಿನ ಆದೇಶದಲ್ಲಿ ಸಿಗುವುದಿಲ್ಲ. ಅದಕ್ಕೂ ಎಂಬತ್ತು ವರ್ಷ ಹಿಂದೆ ಬಾರ್ಸಿಲೋನಾದ ವರ್ತಕರು ಬಂದರಿನ ಸುಂಕದ ಹಣದಿಂದ ತೆರೆದ ಉಚಿತ ಪಾಠಶಾಲೆಗಳಲ್ಲಿ ಸಿಗುತ್ತದೆ ಎಂಬುದು ನನ್ನ ವಾದ.

ಮೊದಲು ರಾಜಧಾನಿಯ ಕಥೆಯನ್ನೇ ನೋಡಬೇಕು, ಏಕೆಂದರೆ ಅದು ಸಣ್ಣ ಕಥೆಯಲ್ಲ. 18ನೇ ಶತಮಾನದ ಕೊನೆಯ ಭಾಗದಲ್ಲಿ ಆಗುಸ್ತೀನ್ ದ ಬೆತಾಂಕೂರ್ ಎಂಬ ಕೆನರಿ ದ್ವೀಪದ ಎಂಜಿನಿಯರ್ ದೊರೆಯ ಖರ್ಚಿನಲ್ಲಿ ಪ್ಯಾರಿಸ್ಸಿನಲ್ಲಿದ್ದುಕೊಂಡು ಯಂತ್ರಗಳ ನಕ್ಷೆ ಮತ್ತು ಮಾದರಿಗಳನ್ನು ಸಂಗ್ರಹಿಸುತ್ತಿದ್ದ. 1788ರಲ್ಲಿ ಆತ ಇಂಗ್ಲೆಂಡಿಗೆ ಹೋದಾಗ ಬೋಲ್ಟನ್ ಮತ್ತು ವಾಟ್ ತಮ್ಮ ಹೊಸ ಉಗಿಯಂತ್ರದ ಒಳಗುಟ್ಟನ್ನು ಬಿಟ್ಟುಕೊಡಲಿಲ್ಲ. ಲಂಡನ್ನಿನ ಆಲ್ಬಿಯನ್ ಹಿಟ್ಟಿನ ಗಿರಣಿಯಲ್ಲಿ ಓಡುತ್ತಿದ್ದ ಯಂತ್ರವನ್ನು ಹೊರಗಿನಿಂದ ನೋಡಲು ಮಾತ್ರ ಅವಕಾಶ ಸಿಕ್ಕಿತು. ಹಳೆಯ ಯಂತ್ರಗಳಲ್ಲಿ ಪಿಸ್ಟನ್ನಿನ ದಂಡವನ್ನು ಮೇಲಿನ ತೊಲೆಗೆ ಸರಪಳಿಯಿಂದ ಕಟ್ಟಿರುತ್ತಿದ್ದರು. ಸರಪಳಿ ಎಳೆಯಬಲ್ಲದು, ತಳ್ಳಲಾರದು. ಇಲ್ಲಿ ಸರಪಳಿ ಇರಲಿಲ್ಲ, ಅದರ ಜಾಗದಲ್ಲಿ ಗಟ್ಟಿ ಸಲಾಕೆಗಳ ಜೋಡಣೆಯಿತ್ತು. ಹಾಗಾದರೆ ಈ ಪಿಸ್ಟನ್ ಇಳಿಯುವಾಗಲೂ ಏರುವಾಗಲೂ ಕೆಲಸ ಮಾಡುತ್ತಿದೆ, ಉಗಿ ಎರಡೂ ಕಡೆಯಿಂದ ಒತ್ತುತ್ತಿದೆ ಎಂದು ಬೆತಾಂಕೂರ್ ಅಷ್ಟರಿಂದಲೇ ಊಹಿಸಿದ. ಮರುವರ್ಷ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಅದರ ಬಗ್ಗೆ ಪ್ರಬಂಧ ಒಪ್ಪಿಸಿದ. ಹೀಗೆ ಕಣ್ಣಿನಿಂದಲೇ ಕದ್ದು, ತಲೆಯಿಂದ ಪೂರ್ತಿಗೊಳಿಸಿ, ಕೈಯಿಂದ ಮಾದರಿ ಮಾಡಿಸಿ ಕೂಡಿಹಾಕಿದ ಸುಮಾರು 270 ಯಂತ್ರ ಮಾದರಿಗಳು 1792ರಲ್ಲಿ ಮ್ಯಾಡ್ರಿಡ್ಡಿನ ಬುಯೆನ್ ರೆತಿರೊ ಅರಮನೆಯಲ್ಲಿ ರಾಜ ಯಂತ್ರಸಂಗ್ರಹವಾಗಿ ತೆರೆದುಕೊಂಡವು. ಯುರೋಪಿನಲ್ಲೇ ಅಪರೂಪದ ಸಂಗ್ರಹ ಅದು. ನೆಪೋಲಿಯನ್ನನ ದಂಡಯಾತ್ರೆಯ ಗೊಂದಲದಲ್ಲಿ ಅದು ಚೆದುರಿತು. 1808ರಲ್ಲಿ ಬೆತಾಂಕೂರ್ ರಷ್ಯಾ ಸೇರಿ ಅಲ್ಲಿನ ಝಾರ್‌ನ ಸೇವೆಯಲ್ಲೇ ಉಳಿದ. ಆತನ ಜೊತೆಗಾರ ಹುವಾನ್ ಲೋಪೆಸ್ ದ ಪೆನ್ಯಾಲ್ವೆರ್ ಮಾತ್ರ ಕೈಚೆಲ್ಲದೆ 1824ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಕಲೆ-ಕಸುಬುಗಳ ರಾಜಸಂಸ್ಥೆಯನ್ನು ಆರಂಭಿಸಿದ. ಎರಡು ವರ್ಷದ ನಂತರ ಸ್ಪೇನಿನಲ್ಲಿ ಹೊಸ ಆವಿಷ್ಕಾರಗಳಿಗೆ ಪೇಟೆಂಟ್ ಕೊಡುವ ಕಾನೂನು ಬಂದಾಗ ಅವುಗಳ ದಾಖಲೆ ಇಡುವ ಹೊಣೆಯೂ ಈ ಸಂಸ್ಥೆಗೇ ಬಂತು.

ಅಲ್ಲಿಂದ 1830ರ ದಶಕದಲ್ಲಿ ಕೆಲವು ಯುವಕರನ್ನು ಸರ್ಕಾರಿ ವೇತನದ ಮೇಲೆ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲಿಗೆ ಕಳಿಸಲಾಯಿತು. ಅವರಲ್ಲಿ ಸಿಪ್ರಿಯಾನೊ ಸೆಗುಂದೊ ಮೊಂತೆಸಿನೊ ಮತ್ತು ಹೋಕಿನ್ ಅಲ್ಫೊನ್ಸೊ ಮುಖ್ಯರು. 1850ರ ಆದೇಶದ ಹಿಂದಿದ್ದ ತಲೆಗಳು ಇವೇ. ಗಮನಿಸಬೇಕಾದ ಸಂಗತಿಯೆಂದರೆ ಅವರು ಓದಿ ಬಂದ ಶಾಲೆ ಫ್ರೆಂಚ್ ಸರ್ಕಾರದ್ದಾಗಿರಲಿಲ್ಲ. 1829ರಲ್ಲಿ ಖಾಸಗಿಯಾಗಿ ಶುರುವಾಗಿ, ಗಿರಣಿ ಮಾಲೀಕರ ಮಕ್ಕಳ ಶುಲ್ಕದಿಂದ ನಡೆದು, ಖಾಸಗಿ ಉದ್ಯಮಕ್ಕೇ ಎಂಜಿನಿಯರುಗಳನ್ನು ಕೊಡುತ್ತಿದ್ದ ಶಾಲೆ ಅದು. ಆ ಮಾದರಿಯನ್ನು ಸ್ಪೇನ್ ಸರ್ಕಾರಿ ಆದೇಶದ ಮೂಲಕ, ಖಜಾನೆಯ ಹಣದಿಂದ, ಗಿರಣಿಗಳೇ ಕಡಿಮೆಯಿದ್ದ ರಾಜಧಾನಿಯಲ್ಲಿ ನೆಡಲು ಹೊರಟಿತು. ಯೋಜನೆ ಮೂರು ಹಂತದ್ದು: ಪ್ರಾಥಮಿಕ, ಮಧ್ಯಮ, ಉನ್ನತ. ಬಾರ್ಸಿಲೋನಾ, ಸೆವಿಲ್, ವೆರ್ಗಾರಾಗಳಿಗೆ ಮೊದಲೆರಡು ಹಂತ. ಆಮೇಲೆ ವೆಲೆನ್ಸಿಯಾ ಮತ್ತು ಹಿಹೋನ್ ಪಟ್ಟಿಗೆ ಸೇರಿದವು. ಉನ್ನತ ಹಂತ ಮ್ಯಾಡ್ರಿಡ್ಡಿನ ರಾಜ ಕೈಗಾರಿಕಾ ಸಂಸ್ಥೆಗೆ ಮಾತ್ರ ಮೀಸಲು. ಯಂತ್ರಶಾಸ್ತ್ರ ಮತ್ತು ರಸಾಯನ ಎರಡರಲ್ಲೂ ಮೇಲಿನ ಪದವಿ ಗಳಿಸಿದವನಿಗೆ ಕೈಗಾರಿಕಾ ಎಂಜಿನಿಯರ್ ಎಂಬ ಹೆಸರು. ಆ ಸಂಸ್ಥೆಗೆ ಜಾಗ ಸಿಕ್ಕಿದ್ದು ಆತೋಚಾ ಬೀದಿಯ ತ್ರಿನಿದಾದ್ ಮಠದಲ್ಲಿ. ಹದಿನೈದು ವರ್ಷ ಮೊದಲು ಸರ್ಕಾರ ಸನ್ಯಾಸಿಗಳ ಆಸ್ತಿ ವಶಪಡಿಸಿಕೊಂಡಾಗ ಖಾಲಿಯಾಗಿದ್ದ ಕಟ್ಟಡ ಅದು. ಪಠ್ಯಕ್ರಮ ಚೆನ್ನಾಗಿತ್ತು, ಮೇಷ್ಟ್ರುಗಳು ಸಮರ್ಥರಿದ್ದರು, ಗ್ರಂಥಾಲಯವಿತ್ತು, ಯಂತ್ರಗಳ ಮಾದರಿಗಳಿದ್ದವು. ಓದಿ ಹೊರಬಂದ ಹುಡುಗನನ್ನು ಕೆಲಸಕ್ಕೆ ಕರೆಯುವವರು ಮಾತ್ರ ಇರಲಿಲ್ಲ.

ಈ ಕೊರತೆ ಎಷ್ಟು ದೊಡ್ಡದೆಂಬುದು ಬೇರೆ ಎಂಜಿನಿಯರುಗಳ ಸ್ಥಿತಿಯ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ರಸ್ತೆ, ಕಾಲುವೆ, ಬಂದರುಗಳ ಶಾಲೆಯನ್ನು ಬೆತಾಂಕೂರ್‌ನೇ 1802ರಲ್ಲಿ ಆರಂಭಿಸಿದ್ದ. ಗಣಿ ಶಾಲೆ 1777ರಷ್ಟು ಹಿಂದೆಯೇ ಪಾದರಸದ ಗಣಿಯಿದ್ದ ಅಲ್ಮಾದೆನ್‌ನಲ್ಲಿ ಹುಟ್ಟಿತ್ತು. ಅರಣ್ಯ ಎಂಜಿನಿಯರುಗಳ ಶಾಲೆ 1848ರಲ್ಲಿ, ಕೃಷಿಯದು 1855ರಲ್ಲಿ ಬಂದವು. ಇಲ್ಲಿ ಓದಿದವರಿಗೆಲ್ಲ ಸರ್ಕಾರದ ಒಂದೊಂದು ಎಂಜಿನಿಯರ್ ದಳ ಕಾದಿರುತ್ತಿತ್ತು; ಪದವಿ ಎಂದರೆ ನೌಕರಿ ಎಂದೇ ಅರ್ಥ. ಕೈಗಾರಿಕಾ ಎಂಜಿನಿಯರಿಗೆ ಅಂಥ ದಳವಿರಲಿಲ್ಲ. ಆತ ಖಾಸಗಿ ಗಿರಣಿಯನ್ನೋ ಗ್ಯಾಸ್ ಕಂಪನಿಯನ್ನೋ ರೈಲ್ವೆಯನ್ನೋ ನಂಬಿಕೊಳ್ಳಬೇಕು. ಆ ರೈಲ್ವೆಯೂ ಕೈಕೊಟ್ಟಿತು. 1855ರ ರೈಲ್ವೆ ಕಾನೂನು ಹಳಿ, ಎಂಜಿನ್ನು, ಡಬ್ಬಿಗಳನ್ನು ಹೊರದೇಶದಿಂದ ಸುಂಕವಿಲ್ಲದೆ ತರಲು ಅನುಮತಿ ಕೊಟ್ಟದ್ದರಿಂದ ದೇಶದ ಕಬ್ಬಿಣದ ಕೆಲಸಕ್ಕೂ ಅದರ ಎಂಜಿನಿಯರುಗಳಿಗೂ ಸಿಗಬೇಕಾಗಿದ್ದ ಬೇಡಿಕೆ ಫ್ರಾನ್ಸ್ ಮತ್ತು ಬ್ರಿಟನ್ನಿನ ಪಾಲಾಯಿತು. 1857ರ ಮೊಯಾನೊ ಶಿಕ್ಷಣ ಕಾನೂನು ಈ ಶಾಲೆಗಳನ್ನು ಉನ್ನತ ಶಿಕ್ಷಣದ ಸಾಲಿಗೆ ಸೇರಿಸಿ ಗೌರವ ಕೊಟ್ಟಿತೇ ಹೊರತು ಕೆಲಸ ಕೊಡಲಿಲ್ಲ. 1860ರಲ್ಲಿ ವೆರ್ಗಾರಾ ಮತ್ತು ಹಿಹೋನ್ ಮುಚ್ಚಿದವು. 1865ರಲ್ಲಿ ವೆಲೆನ್ಸಿಯಾ, 1866ರಲ್ಲಿ ಸೆವಿಲ್. 1867ರಲ್ಲಿ ಮ್ಯಾಡ್ರಿಡ್ಡಿನ ರಾಜ ಕೈಗಾರಿಕಾ ಸಂಸ್ಥೆಗೇ ಬೀಗ ಬಿತ್ತು. ಇವುಗಳಲ್ಲಿ ವೆರ್ಗಾರಾದ ಮುಚ್ಚುಗಡೆ ನನಗೆ ಹೆಚ್ಚು ದುಃಖದ್ದಾಗಿ ಕಾಣುತ್ತದೆ. ಅಲ್ಲಿನ ವಿದ್ಯಾಲಯದಲ್ಲೇ 1783ರಲ್ಲಿ ಎಲ್ಹುಯಾರ್ ಸಹೋದರರು ಟಂಗ್‌ಸ್ಟನ್ ಲೋಹವನ್ನು ಮೊಟ್ಟಮೊದಲು ಬೇರ್ಪಡಿಸಿದ್ದರು. ಅಂಥ ಕೀರ್ತಿಯೂ ಶಾಲೆಯೊಂದನ್ನು ಹತ್ತು ವರ್ಷ ಮೀರಿ ಉಳಿಸಲಾರದೆ ಹೋಯಿತು.

ಈಗ ಬಾರ್ಸಿಲೋನಾಕ್ಕೆ ಬರೋಣ. ಅಲ್ಲಿ 1758ರಲ್ಲಿ ಮತ್ತೆ ಸ್ಥಾಪನೆಯಾದ ವರ್ತಕರ ಮಂಡಳಿಯೊಂದಿತ್ತು. ಬಂದರಿಗೆ ಬರುವ ಸರಕಿನ ಮೇಲೆ ಪೆರಿಯಾತ್ಜೆ ಎಂಬ ಒಂದು ಸುಂಕವನ್ನು ವಸೂಲು ಮಾಡುವ ಹಕ್ಕು ಅದಕ್ಕಿತ್ತು. ಆ ಹಣವನ್ನು ಮಂಡಳಿ ಪಾಠಕ್ಕೆ ತೊಡಗಿಸಿತು. 1769ರಲ್ಲಿ ನೌಕಾಯಾನದ ಶಾಲೆ ತೆರೆಯಿತು. 1775ರಲ್ಲಿ ಚಿತ್ರಕಲಾ ಶಾಲೆ ತೆರೆಯಿತು, ಅದೂ ಸುಮ್ಮನೆ ಅಲಂಕಾರಕ್ಕಲ್ಲ. ಭಾರತದಿಂದ ಹೋಗುತ್ತಿದ್ದ ಅಚ್ಚಿನ ಹತ್ತಿ ಬಟ್ಟೆಗಳನ್ನು ನೋಡಿ ಅಲ್ಲಿನವರು ತಾವೇ ತಯಾರಿಸತೊಡಗಿದ್ದರು, ಅವುಗಳನ್ನು ಇಂಡಿಯಾನಾ ಎಂದೇ ಕರೆಯುತ್ತಿದ್ದರು. ಆ ಬಟ್ಟೆಯ ಮೇಲೆ ಒತ್ತುವ ಹೂಬಳ್ಳಿಗಳನ್ನು ಬಿಡಿಸಬಲ್ಲ ಕೈಗಳು ಬೇಕಾಗಿದ್ದವು. ಬಟ್ಟೆಯನ್ನು ಬಿಳಿಚಿಸಲು, ಬಣ್ಣ ನಿಲ್ಲಿಸಲು ರಸಾಯನ ಬೇಕಿತ್ತು. 1805ರಲ್ಲಿ ಫ್ರಾನ್ಸೆಸ್ಕ್ ಕಾರ್ಬೊನೆಲ್ ಎಂಬ ವೈದ್ಯವಿಜ್ಞಾನಿಯ ಕೈಯಲ್ಲಿ ರಸಾಯನ ಶಾಲೆ ಶುರುವಾಯಿತು. 1808ರಲ್ಲಿ ಫ್ರಾನ್ಸೆಸ್ಕ್ ಸಾಂತ್‌ಪೊನ್ಸ್ ಎಂಬ ಇನ್ನೊಬ್ಬ ವೈದ್ಯ ಯಂತ್ರಶಾಸ್ತ್ರದ ತರಗತಿ ಹಿಡಿದ. ಆತ ಪಾಠ ಹೇಳುವ ಮೊದಲೇ ನಗರದ ಹತ್ತಿ ಗಿರಣಿಯೊಂದಕ್ಕೆ ಉಗಿಯಂತ್ರ ಕಟ್ಟಿಕೊಡಲು ಹೆಣಗಿದವನು. ಶಾಲೆಗಳು ನಡೆಯುತ್ತಿದ್ದದ್ದು ಯೋಚಾ ಎಂಬ ವರ್ತಕರ ಭವನದಲ್ಲಿ, ಅಂದರೆ ವ್ಯಾಪಾರದ ಮಾತುಕತೆ ನಡೆಯುವ ಕಟ್ಟಡದಲ್ಲೇ. ಶುಲ್ಕವಿರಲಿಲ್ಲ. ಕಾರ್ಬೊನೆಲ್‌ನ ಜಾಗಕ್ಕೆ ಬಂದ ಜೋಸೆಪ್ ರೋರಾ 1826ರ ಬೇಸಿಗೆಯಲ್ಲಿ ಆ ಭವನದ ತನ್ನ ತರಗತಿಯನ್ನು ಗ್ಯಾಸ್ ದೀಪದಿಂದ ಬೆಳಗಿಸಿ ತೋರಿಸಿದ. ಸ್ಪೇನಿನಲ್ಲಿ ಗ್ಯಾಸ್ ಬೆಳಕು ಕಂಡದ್ದು ಅದೇ ಮೊದಲು. ಹದಿನೇಳು ವರ್ಷದೊಳಗೆ ಬಾರ್ಸಿಲೋನಾದ ಬೀದಿಗಳಿಗೆ ಗ್ಯಾಸ್ ಕಂಪನಿಯೇ ಬಂತು.

ಹೀಗಾಗಿ 1850ರ ಆದೇಶ ಬಾರ್ಸಿಲೋನಾ ತಲುಪುವ ಹೊತ್ತಿಗೆ ಅಲ್ಲಿ ಹೊಸದಾಗಿ ಕಟ್ಟಬೇಕಾದದ್ದು ಕಡಿಮೆಯಿತ್ತು. ವರ್ತಕರ ಮಂಡಳಿಯನ್ನು 1847ರಲ್ಲಿ ರದ್ದು ಮಾಡಿದ್ದರು, ಅದರ ತರಗತಿಗಳು ಮಾತ್ರ ನಡೆಯುತ್ತಲೇ ಇದ್ದವು. 1851ರಲ್ಲಿ ಅವುಗಳನ್ನೇ ಒಟ್ಟುಗೂಡಿಸಿ ಬಾರ್ಸಿಲೋನಾ ಕೈಗಾರಿಕಾ ಶಾಲೆ ಎಂದರು. ರೋರಾ ಅದರ ಮೊದಲ ಮುಖ್ಯಸ್ಥನಾದ. ಇಲ್ಲಿಯೂ ಜಾಗ ಸಿಕ್ಕಿದ್ದು ಒಂದು ಖಾಲಿ ಮಠದಲ್ಲೇ, ಬಂದರಿಗೆ ಹತ್ತಿರದ ಸಾಂತ್ ಸೆಬಾಸ್ತಿಯಾದಲ್ಲಿ. ಸುತ್ತಲಿನ ಊರು ಹೇಗಿತ್ತೆಂದರೆ, 1830ರ ದಶಕದ ಆರಂಭದಲ್ಲೇ ಬೊನಾಪ್ಲಾತಾ ಗಿರಣಿ ಉಗಿಯಿಂದ ಮಗ್ಗ ಓಡಿಸಿತ್ತು. 1835ರ ಆಗಸ್ಟಿನ ದಂಗೆಯಲ್ಲಿ ಅದನ್ನು ಸುಟ್ಟರೂ ಉಗಿ ಗಿರಣಿಗಳು ಹೆಚ್ಚುತ್ತಲೇ ಹೋದವು. 1848ರಲ್ಲಿ ಮುಖ್ಯ ಭೂಭಾಗದ ಮೊದಲ ರೈಲು ಬಾರ್ಸಿಲೋನಾದಿಂದ ಮತಾರೊಗೆ ಓಡಿತ್ತು. 1855ರಲ್ಲಿ ಹಡಗಿನ ಮತ್ತು ನೆಲದ ಯಂತ್ರ ತಯಾರಿಸುವ ಲಾ ಮಕಿನಿಸ್ತಾ ಕಂಪನಿ ಹುಟ್ಟಿತು. 1860ರ ಹೊತ್ತಿಗೆ ಶಾಲೆ ಉನ್ನತ ಹಂತವನ್ನೂ ಸೇರಿಸಿಕೊಂಡು, ಮ್ಯಾಡ್ರಿಡ್ಡಿಗೆ ಹೋಗದೆಯೇ ಪೂರ್ತಿ ಪದವಿ ಪಡೆಯುವ ದಾರಿ ಮಾಡಿಕೊಂಡಿತು. 1863ರಲ್ಲಿ ಅಲ್ಲಿ ಓದಿದವರು ಸೇರಿ ಕಟ್ಟಿದ ಎಂಜಿನಿಯರುಗಳ ಸಂಘ ಇವತ್ತಿಗೂ ಇದೆ. ಎಲ್ಲಕ್ಕಿಂತ ಮುಖ್ಯವಾದದ್ದು ಹಣದ ಮಾತು. ಪ್ರಾಂತ ಪರಿಷತ್ತು ಮತ್ತು ನಗರಸಭೆ ಶಾಲೆಯ ಖರ್ಚಿನಲ್ಲಿ ಪಾಲು ಹೊತ್ತವು. ಮ್ಯಾಡ್ರಿಡ್ಡಿನ ಖಜಾನೆ ಕೈ ಬಿಗಿಹಿಡಿದ ವರ್ಷಗಳಲ್ಲಿ ಶಾಲೆಯ ಬಾಗಿಲು ತೆರೆದಿಟ್ಟದ್ದು ಈ ಪಾಲು.

ಆ ವರ್ಷಗಳು ಬಾರ್ಸಿಲೋನಾಕ್ಕೂ ಸುಲಭದವಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ಅಮೆರಿಕದ ಅಂತರ್ಯುದ್ಧದಿಂದ 1861ರಿಂದ 65ರವರೆಗೆ ಹತ್ತಿ ಸಿಗದೆ ಗಿರಣಿಗಳು ನಿಂತವು. 1866ರ ಮೇ ತಿಂಗಳಲ್ಲಿ ನಗರದ ಸಾಲ ಸಂಸ್ಥೆಗಳು ಕುಸಿದು ದೇಶದ ತುಂಬ ಹಣಕಾಸಿನ ಬಿಕ್ಕಟ್ಟು ಹಬ್ಬಿತು. ಸೆವಿಲ್ ಮತ್ತು ಮ್ಯಾಡ್ರಿಡ್ ಶಾಲೆಗಳನ್ನು ಮುಗಿಸಿದ್ದು ಇದೇ ಬಿಕ್ಕಟ್ಟು. ಅದೇ ಏಟು ತಿಂದ ಬಾರ್ಸಿಲೋನಾ ಶಾಲೆಯನ್ನು ಬಿಡಲಿಲ್ಲ.

ಬಿಡದೇ ಇದ್ದದ್ದರ ಫಲ ಏನೆಂಬುದಕ್ಕೆ ಗ್ರಾಮ್ ಯಂತ್ರದ ಪ್ರಸಂಗವೊಂದೇ ಸಾಕು. ಮುಚ್ಚುವ ಮುನ್ನ ಸೆವಿಲ್ಲಿನ ಶಾಲೆಯಲ್ಲಿ ಕೆಲಸ ಮಾಡಿದ್ದ ರಾಮೊನ್ ದ ಮಾನ್‌ಹರ್ರೆಸ್ ಈಗ ಬಾರ್ಸಿಲೋನಾ ಶಾಲೆಯ ನಿರ್ದೇಶಕನಾಗಿದ್ದ. 1873ರಲ್ಲಿ ವಿಯೆನ್ನಾದ ವಿಶ್ವಪ್ರದರ್ಶನಕ್ಕೆ ಹೋದಾಗ ಆತ ಅಲ್ಲಿ ಬೆಲ್ಜಿಯಮ್ಮಿನ ಝೆನೋಬ್ ಗ್ರಾಮ್ ತಯಾರಿಸಿದ ಡೈನಮೋ ನೋಡಿದ. ತಿರುಗಿಸಿದರೆ ನಿಲ್ಲದೆ ಒಂದೇ ಹರಿವಿನಲ್ಲಿ ವಿದ್ಯುತ್ತು ಕೊಡುವ ಯಂತ್ರ ಅದು. ತಂತಿ ಎಳೆದು ಅದರ ವಿದ್ಯುತ್ತನ್ನು ಇನ್ನೊಂದು ಅಂಥದೇ ಯಂತ್ರಕ್ಕೆ ಹಾಯಿಸಿದರೆ ಆ ಎರಡನೆಯದು ತಾನೇ ತಿರುಗುತ್ತದೆ ಎಂಬುದು ಲೋಕಕ್ಕೆ ಗೊತ್ತಾದದ್ದೂ ಅದೇ ಪ್ರದರ್ಶನದಲ್ಲಿ. ಊರಿಗೆ ಮರಳಿದ ಮಾನ್‌ಹರ್ರೆಸ್ ಕನ್ನಡಕ ಮತ್ತು ವಿಜ್ಞಾನ ಉಪಕರಣಗಳ ವ್ಯಾಪಾರಿ ಫ್ರಾನ್ಸೆಸ್ಕ್ ದಾಲ್ಮಾವುವಿನ ಮೂಲಕ ಶಾಲೆಯ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಅಂಥದೊಂದನ್ನು ತರಿಸಿದ. ಪಾಠಕ್ಕೆಂದು ಬಂದ ಯಂತ್ರ ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. ದಾಲ್ಮಾವು ಮತ್ತು ಆತನ ಮಗ ತೊಮಾಸ್, ಜೊತೆಗೆ ಕೈಗಾರಿಕಾ ಎಂಜಿನಿಯರ್ ನಾರ್ಸಿಸ್ ಶಿಫ್ರಾ ಸೇರಿ 1875ರಲ್ಲಿ ನಗರದಲ್ಲಿ ವಿದ್ಯುದ್ದೀಪಗಳನ್ನು ಹೊತ್ತಿಸಿ ತೋರಿಸಿದರು. ಹಣ ಕೊಟ್ಟು ಅವರ ವಿದ್ಯುತ್ ಪಡೆದ ಮೊದಲ ಗಿರಾಕಿಗಳಲ್ಲಿ ಲಾ ಮಕಿನಿಸ್ತಾ ಕೂಡ ಒಂದು. 1881ರಲ್ಲಿ ಸ್ಪೇನಿನ ಮೊದಲ ವಿದ್ಯುತ್ ಕಂಪನಿ ಬಾರ್ಸಿಲೋನಾದಲ್ಲೇ ಹುಟ್ಟಿತು. ಪ್ರಯೋಗಾಲಯ, ಅಂಗಡಿ, ಕಾರ್ಖಾನೆ ಇವು ಮೂರೂ ಒಂದಕ್ಕೊಂದು ನಡೆದು ಹೋಗುವಷ್ಟು ದೂರದಲ್ಲಿದ್ದದ್ದರಿಂದ ಇದು ಸಾಧ್ಯವಾಯಿತು. ತ್ರಿನಿದಾದ್ ಮಠದ ಪ್ರಯೋಗಾಲಯಕ್ಕೆ ಇಂಥ ನೆರೆಹೊರೆ ಇರಲೇ ಇಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಸ್ಪೇನಿನ ಕೈಗಾರಿಕಾ ಕ್ರಾಂತಿಯೇ ಸೋತಿತು, ಶಾಲೆಗಳ ಸಾವು ಅದರ ಒಂದು ಲಕ್ಷಣವಷ್ಟೇ ಎಂದು ಹೇಳಬಹುದು. ಆರ್ಥಿಕ ಇತಿಹಾಸಕಾರ ಜೋರ್ಡಿ ನಡಾಲ್ 1975ರಲ್ಲಿ ಆ ಸೋಲಿನ ಮೇಲೆಯೇ ಪ್ರಸಿದ್ಧ ಗ್ರಂಥ ಬರೆದರು. ಹಾಗಾದರೆ ಉದ್ಯಮವಿದ್ದಲ್ಲಿ ಶಾಲೆ ಬದುಕಿತು, ಇಲ್ಲದಲ್ಲಿ ಸತ್ತಿತು. ವರ್ತಕರ ಉದಾರತೆ, ಬಂದರಿನ ಸುಂಕ ಎಲ್ಲ ಮೇಲಿನ ಅಲಂಕಾರ ಎಂದಾಗುತ್ತದೆ. ಆದರೆ ಸೆವಿಲ್ ಈ ಸರಳ ಸೂತ್ರಕ್ಕೆ ಒಗ್ಗುವುದಿಲ್ಲ. ಸೆವಿಲ್ಲಿನಲ್ಲಿ ಉದ್ಯಮಗಳಿದ್ದವು. ರಾಜ ತಂಬಾಕು ಕಾರ್ಖಾನೆ ಇತ್ತು, ಫಿರಂಗಿ ಎರಕದ ಮನೆಯಿತ್ತು, ಇಂಗ್ಲಿಷ್ ವ್ಯಾಪಾರಿ ಪಿಕ್‌ಮನ್ 1841ರಲ್ಲಿ ಕಾರ್ತುಹಾ ಮಠದಲ್ಲಿ ಸ್ಥಾಪಿಸಿದ ಪಿಂಗಾಣಿ ಕಾರ್ಖಾನೆಯಿತ್ತು. ಆದರೂ ಶಾಲೆ ನಿಂತುಹೋಯಿತು. ವ್ಯತ್ಯಾಸ ಉದ್ಯಮದ ಮೊತ್ತದಲ್ಲಿ ಇರಲಿಲ್ಲ, ಅದರ ಒಡೆತನದಲ್ಲಿತ್ತು. ತಂಬಾಕು ಮತ್ತು ಫಿರಂಗಿ ಸರ್ಕಾರದ ಕಾರ್ಖಾನೆಗಳು. ಫಿರಂಗಿ ನೋಡಿಕೊಳ್ಳಲು ತೋಪುಪಡೆಯ ಅಧಿಕಾರಿಗಳೇ ಇದ್ದರು. ಇದು ನಮ್ಮ ಶಾಲೆ, ಇದರ ಖರ್ಚು ನಮ್ಮ ಮೇಲಿರಲಿ ಎಂದು ಬಿಕ್ಕಟ್ಟಿನ ವರ್ಷದಲ್ಲಿ ನಿಲ್ಲಬಲ್ಲ ನೂರಾರು ಸಣ್ಣ ದೊಡ್ಡ ಗಿರಣಿ ಮಾಲೀಕರ ವರ್ಗ ಅಲ್ಲಿರಲಿಲ್ಲ. ಇನ್ನೊಂದು ಬದಿಯಲ್ಲಿ ಆಲ್ಕೋಯ್ ಮತ್ತು ಬೇಹಾರ್ ಎಂಬ ಸಣ್ಣ ಬಟ್ಟೆ ಊರುಗಳನ್ನು ನೋಡಿ. 1850ರ ದಶಕದಲ್ಲೇ ಕೆಳಹಂತದ ಕೈಗಾರಿಕಾ ಶಾಲೆಗಳನ್ನು ಪಡೆದ ಈ ಊರುಗಳು ಅಡೆತಡೆಗಳ ನಡುವೆಯೂ ತಾಂತ್ರಿಕ ಶಿಕ್ಷಣದ ನಂಟನ್ನು ಕಳೆದುಕೊಳ್ಳಲಿಲ್ಲ. ಇವತ್ತಿಗೂ ಎರಡೂ ಕಡೆ ಎಂಜಿನಿಯರಿಂಗ್ ಶಾಲೆಗಳಿವೆ.

ಎರಡನೆಯ ಆಕ್ಷೇಪ ಇನ್ನೂ ಚುರುಕಾದದ್ದು. ಕೆಟಲೋನಿಯಾದ ಗಿರಣಿ ಮಾಲೀಕರಿಗೆ ಪದವೀಧರ ಎಂಜಿನಿಯರ್ ಬೇಕಾಗಿಯೇ ಇರಲಿಲ್ಲ ಎಂಬುದು ಅದು. ನೂಲುವ ಯಂತ್ರ ಮ್ಯಾಂಚೆಸ್ಟರಿನಿಂದಲೋ ಅಲ್ಸೇಸಿನಿಂದಲೋ ಬರುತ್ತಿತ್ತು, ಜೊತೆಗೇ ಅದನ್ನು ಜೋಡಿಸುವ ಫಿಟ್ಟರೂ ಬರುತ್ತಿದ್ದ. ಬಣ್ಣದ ಗುಟ್ಟು ವಿದೇಶಿ ರಸಾಯನಜ್ಞನ ಕೈಯಲ್ಲಿತ್ತು. ದಿನನಿತ್ಯದ ಕೆಲಸ ನಡೆಸಲು ಅನುಭವಿ ಮೇಸ್ತ್ರಿ ಸಾಕಾಗಿತ್ತು. ಈ ಮಾತಿನಲ್ಲಿ ಬಹಳ ನಿಜವಿದೆ, ಮೊದಲ ಕೆಲವು ದಶಕಗಳ ಮಟ್ಟಿಗೆ ಅದನ್ನು ಒಪ್ಪಲೇಬೇಕು. ಆದರೆ ಅದನ್ನು ಒಪ್ಪಿದ ಮೇಲೆ ನನ್ನ ವಾದ ಇನ್ನೂ ಗಟ್ಟಿಯಾಗುತ್ತದೆ. ಬರೀ ಬೇಡಿಕೆಯೇ ಶಾಲೆಯನ್ನು ಉಳಿಸಿದ್ದಾದರೆ ಬೇಡಿಕೆ ಸಾಲದ ಆ ದಶಕಗಳಲ್ಲಿ ಬಾರ್ಸಿಲೋನಾದ ಶಾಲೆಯೂ ಸಾಯಬೇಕಿತ್ತು. ಅದನ್ನು ದಾಟಿಸಿದ್ದು ಅಲ್ಲಿ ಆಗಲೇ ಬೇರೂರಿದ್ದ ಒಂದು ರೂಢಿ. ಕಸುಬಿನ ವಿದ್ಯೆಗೆ ಊರೇ ಖರ್ಚು ಮಾಡುವುದು ಮೂರು ತಲೆಮಾರುಗಳಿಂದ ನಡೆದುಬಂದಿತ್ತು. ಅಜ್ಜ ಯೋಚಾದಲ್ಲಿ ಉಚಿತವಾಗಿ ಚಿತ್ರ ಬಿಡಿಸಲು ಕಲಿತ ಮನೆಯಲ್ಲಿ ಮೊಮ್ಮಗ ಉಷ್ಣಶಾಸ್ತ್ರ ಕಲಿಯುವುದು ವಿಚಿತ್ರವೆನಿಸಲಿಲ್ಲ. ಬೇಡಿಕೆ ಆಮೇಲೆ ಬಂತು. ಗ್ಯಾಸು, ವಿದ್ಯುತ್ತು, ಟ್ರಾಂ, ನೀರಿನ ಪಂಪು, ಬಾಯ್ಲರುಗಳ ತಪಾಸಣೆ, ಇವು ಮೇಸ್ತ್ರಿಯ ಅನುಭವಕ್ಕೆ ದಕ್ಕುವ ಕೆಲಸಗಳಾಗಿರಲಿಲ್ಲ. ಅವು ಬಂದಾಗ ಕೆಲಸ ಬಲ್ಲವರು ಊರಿನಲ್ಲೇ ತಯಾರಿದ್ದರು.

ಬಿಲ್ಬಾವೊದ ಕಥೆ ಈ ಮಾತಿಗೆ ಎರಡನೆಯ ಸಾಕ್ಷಿ. ಬಾಸ್ಕ್ ಸೀಮೆಯ ಬಿಸ್ಕಾಯ ಬೆಟ್ಟಗಳ ಕಬ್ಬಿಣದ ಅದಿರಿನಲ್ಲಿ ರಂಜಕ ಕಡಿಮೆ. ಬೆಸ್ಸೆಮರ್ ಕುಲುಮೆಯಲ್ಲಿ ಉಕ್ಕು ಮಾಡಲು ಅಂಥ ಅದಿರೇ ಬೇಕಾದ್ದರಿಂದ ಬ್ರಿಟನ್ ಅದನ್ನು ಹಡಗುಗಟ್ಟಲೆ ಕೊಂಡಿತು. ಆ ಲಾಭದಿಂದ ನೆರ್ವಿಯೋನ್ ನದಿಯ ದಡದಲ್ಲಿ ಊದುಕುಲುಮೆಗಳು, ಹಡಗು ಕಟ್ಟುವ ಅಂಗಳಗಳು, ಬ್ಯಾಂಕುಗಳು ಎದ್ದವು. ಅಲ್ಲಿನ ಪ್ರಾಂತ ಪರಿಷತ್ತು ಮತ್ತು ನಗರಸಭೆ ಸೇರಿ 1897ರಲ್ಲಿ ತಮ್ಮದೇ ಹಣದಿಂದ ಕೈಗಾರಿಕಾ ಎಂಜಿನಿಯರುಗಳ ಶಾಲೆ ಸ್ಥಾಪಿಸಿ, 1899ರಲ್ಲಿ ತರಗತಿ ಶುರು ಮಾಡಿದವು. ಹೊಸ ಶಾಲೆಗೆ ಮೇಷ್ಟ್ರುಗಳು ಬೇಕಾದಾಗ ಬಾರ್ಸಿಲೋನಾ ಕಡೆ ನೋಡದೆ ವಿಧಿಯಿರಲಿಲ್ಲ, ಏಕೆಂದರೆ ಮೂವತ್ತು ವರ್ಷಗಳಿಂದ ಪದವೀಧರರನ್ನು ತಯಾರಿಸುತ್ತಿದ್ದದ್ದು ಅದೊಂದೇ. ಹಾಗೆ ಹೋದವರಲ್ಲಿ ಒಬ್ಬರು ಪೊಂಪೆವು ಫಾಬ್ರಾ. 1902ರಲ್ಲಿ ಅವರು ಬಿಲ್ಬಾವೊದಲ್ಲಿ ರಸಾಯನದ ಪ್ರಾಧ್ಯಾಪಕರಾದರು, ಸುಮಾರು ಒಂದು ದಶಕ ಅಲ್ಲಿದ್ದರು. ಹಗಲು ರಸಾಯನ ಪಾಠ ಮಾಡುತ್ತಿದ್ದ ಇದೇ ಫಾಬ್ರಾ ಊರಿಗೆ ಮರಳಿ 1913ರಲ್ಲಿ ಕೆಟಲಾನ್ ಭಾಷೆಯ ಕಾಗುಣಿತದ ನಿಯಮಗಳನ್ನೂ 1932ರಲ್ಲಿ ಅದರ ನಿಘಂಟನ್ನೂ ಕೊಟ್ಟರು. ಇಂದು ಕೆಟಲಾನ್ ಬರೆಯುವ ಪ್ರತಿಯೊಬ್ಬರೂ ಕೈಗಾರಿಕಾ ಎಂಜಿನಿಯರ್ ಒಬ್ಬರು ಕ್ರಮಪಡಿಸಿದ ಕಾಗುಣಿತದಲ್ಲಿ ಬರೆಯುತ್ತಾರೆ. ಶಾಲೆಯೊಂದರ ಪರಂಪರೆಯನ್ನು ಲೆಕ್ಕ ಹಾಕುವಾಗ ಗಿರಣಿ ಸೇತುವೆಗಳಷ್ಟೇ ಇದೂ ಬರಬೇಕು.

ಕೊನೆಯ ಆಕ್ಷೇಪ ಮ್ಯಾಡ್ರಿಡ್ಡಿನಿಂದಲೇ ಬರುತ್ತದೆ. 1901ರಲ್ಲಿ ಶಿಕ್ಷಣ ಮಂತ್ರಿ ರೊಮನೋನೆಸ್ ಕೌಂಟ್ ಹೊರಡಿಸಿದ ಆದೇಶದಿಂದ ರಾಜಧಾನಿಯಲ್ಲಿ ಕೈಗಾರಿಕಾ ಎಂಜಿನಿಯರುಗಳ ಕೇಂದ್ರ ಶಾಲೆ ಮತ್ತೆ ಹುಟ್ಟಿತು. ಈ ಸಲ ಅದು ಸಾಯಲಿಲ್ಲ. ಕುದುರೆ ಜೂಜಿನ ಮೈದಾನದ ದಿಬ್ಬದ ಮೇಲೆ 1887ರಲ್ಲಿ ಪ್ರದರ್ಶನಗಳಿಗೆಂದು ತಲೆಯೆತ್ತಿದ ಕೈಗಾರಿಕೆ ಮತ್ತು ಕಲೆಗಳ ಅರಮನೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಕಟ್ಟಡದ ಇನ್ನೊಂದು ರೆಕ್ಕೆಯಲ್ಲಿ ಪ್ರಕೃತಿ ವಿಜ್ಞಾನ ಸಂಗ್ರಹಾಲಯ ಬಂದು ಕೂತಿತು, ಎರಡೂ ಇವತ್ತಿಗೂ ಅಲ್ಲೇ ಇವೆ. 1929ರಲ್ಲಿ ಪಿಲಾರ್ ಕರೆಯಾಗ ಇದೇ ಶಾಲೆಯಿಂದ ಸ್ಪೇನಿನ ಮೊದಲ ಮಹಿಳಾ ಕೈಗಾರಿಕಾ ಎಂಜಿನಿಯರ್ ಆಗಿ ಹೊರಬಂದರು. ರೈಲು ಎಂಜಿನ್ ನಡೆಸಿ ಸುದ್ದಿಯಾದ ಅವರು 1969ರಲ್ಲಿ ಬಿಲ್ಬಾವೊದ ಮೇಯರ್ ಕೂಡ ಆದರು. ಸ್ವತಃ ಬಾರ್ಸಿಲೋನಾದ ಶಾಲೆಯೂ 20ನೇ ಶತಮಾನದಲ್ಲಿ ಸರ್ಕಾರದ ಕೈ ಸೇರಿತು. 1957ರ ತಾಂತ್ರಿಕ ಶಿಕ್ಷಣ ಕಾನೂನು ಎಲ್ಲ ಶಾಲೆಗಳನ್ನೂ ಒಂದೇ ಅಚ್ಚಿಗೆ ತಂದಿತು, 1971ರಲ್ಲಿ ಬಾರ್ಸಿಲೋನಾ ಶಾಲೆ ಹೊಸ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಭಾಗವಾಯಿತು. ಹಾಗಾದರೆ ಸರ್ಕಾರವೇ ಶಾಲೆ ನಡೆಸಬಲ್ಲದು ಎಂದಾಯಿತಲ್ಲ? ಆಯಿತು, 1901ರ ನಂತರ. ಆ ಹೊತ್ತಿಗೆ ವಿದ್ಯುತ್ತು ರಾಜಧಾನಿಯಲ್ಲೂ ಉದ್ಯಮವಾಗಿತ್ತು, ಮುಂದೆ 1919ರಲ್ಲಿ ಅಲ್ಲಿ ಮೆಟ್ರೊ ಓಡಿತು. ಮೀಟರು, ಗ್ಯಾಸು, ತೆರಿಗೆ ಎಂದು ಇಲಾಖೆಗಳಿಗೇ ಈ ಎಂಜಿನಿಯರುಗಳು ಬೇಕಾಗಿದ್ದರು. 1898ರಲ್ಲಿ ಕ್ಯೂಬಾ ಮತ್ತು ಫಿಲಿಪೀನ್ಸ್ ಕೈಬಿಟ್ಟುಹೋದ ಮೇಲೆ ದೇಶವನ್ನು ವಿದ್ಯೆಯಿಂದ ಎತ್ತಬೇಕೆಂಬ ಹಂಬಲವೂ ಇತ್ತು. ಸರ್ಕಾರದ ಪಾತ್ರವನ್ನು ನಾನು ಅಲ್ಲಗಳೆಯುತ್ತಿಲ್ಲ. ಪದವಿಗೆ ದೇಶವ್ಯಾಪಿ ಮಾನ್ಯತೆ ಕೊಟ್ಟದ್ದು 1850ರ ಆದೇಶವೇ, ಆ ಮಾನ್ಯತೆ ಇಲ್ಲದಿದ್ದರೆ ಬಾರ್ಸಿಲೋನಾದ ಶಾಲೆ ಒಂದು ಊರಿನ ಕಸುಬಿನ ಶಾಲೆಯಾಗಿ ಉಳಿಯುತ್ತಿತ್ತು. ಆದರೆ 1901ರಲ್ಲಿ ಮ್ಯಾಡ್ರಿಡ್ ಮತ್ತೆ ಶಾಲೆ ತೆರೆದಾಗ ದೇಶದಲ್ಲಿ ಈ ವೃತ್ತಿ ಜೀವಂತವಾಗಿತ್ತು, ಅದಕ್ಕೊಂದು ಸಂಘವಿತ್ತು, ಪತ್ರಿಕೆಯಿತ್ತು, ಪಾಠ ಹೇಳುವವರಿದ್ದರು. ಅವನ್ನೆಲ್ಲ ನಡುವಿನ ಮೂವತ್ತೆರಡು ವರ್ಷ ಕಾಪಾಡಿದ್ದು ಬಾರ್ಸಿಲೋನಾ.

ಪರಂಪರೆಯ ರಕ್ಷಣೆಯ ಪ್ರಶ್ನೆ ಬರುವುದು ಇಲ್ಲಿ. ಬಾರ್ಸಿಲೋನಾ ಶಾಲೆಗೆ ಹುಟ್ಟಿದ ಮನೆ ಉಳಿದಿಲ್ಲ. ಸಾಂತ್ ಸೆಬಾಸ್ತಿಯಾ ಮಠವನ್ನು 20ನೇ ಶತಮಾನದ ಆರಂಭದಲ್ಲಿ ನಗರದ ಹೊಸ ಹೆದ್ದಾರಿಗಾಗಿ ಕೆಡವಿದರು. ಅದಕ್ಕೂ ಮೊದಲೇ, 1870ರ ದಶಕದಲ್ಲಿ, ಶಾಲೆ ಎಲಿಯೆಸ್ ರೊಜೆಂತ್ ಕಟ್ಟಿದ ವಿಶ್ವವಿದ್ಯಾಲಯದ ಕಟ್ಟಡಕ್ಕೆ ಹೋಗಿತ್ತು. 1920ರ ದಶಕದಲ್ಲಿ ಅಲ್ಲಿಂದ ಉರ್ಜೆಲ್ ಬೀದಿಯ ಬಾತ್ಯೋ ಗಿರಣಿಗೆ ಬಂತು. ಈ ಗಿರಣಿಯನ್ನು 1870ರ ಆಸುಪಾಸಿನಲ್ಲಿ ಕಟ್ಟಿದವನು ರಫಾಯೆಲ್ ಗ್ವಾಸ್ತಾವಿನೊ. ಅದರ ಕಮಾನು ಚಾವಣಿಗಳ ಕೆಲಸ ನೋಡಬೇಕು. ತೆಳ್ಳನೆಯ ಚಪ್ಪಟೆ ಇಟ್ಟಿಗೆಗಳನ್ನು ಅಡ್ಡಡ್ಡ ಮಲಗಿಸಿ, ಅಂಚಿಗೆ ಬೇಗ ಗಟ್ಟಿಯಾಗುವ ಜಿಪ್ಸಂ ಹಚ್ಚಿ ಒಂದಕ್ಕೊಂದು ಅಂಟಿಸುತ್ತಾರೆ. ಕ್ಷಣಗಳಲ್ಲಿ ಅದು ಹಿಡಿಯುವುದರಿಂದ ಕೆಳಗೆ ಮರದ ಆಸರೆ ಅಷ್ಟಾಗಿ ಬೇಡ. ಮೊದಲ ಪದರದ ಮೇಲೆ ಸಂದುಗಳು ತಪ್ಪುವಂತೆ ಎರಡನೆಯದು, ಮೂರನೆಯದು. ಕೆಲವೇ ಅಂಗುಲ ದಪ್ಪದ ಆ ಚಿಪ್ಪು ದೊಡ್ಡ ಹರವನ್ನು ಹೊರುತ್ತದೆ. ಹತ್ತಿಯ ನಾರು, ಯಂತ್ರದ ಎಣ್ಣೆ, ಗ್ಯಾಸ್ ದೀಪ ಒಟ್ಟಿಗಿರುವ ಗಿರಣಿಯಲ್ಲಿ ಮರದ ತೊಲೆಗಿಂತ ಇದು ಎಷ್ಟೋ ಸುರಕ್ಷಿತ. ಗ್ವಾಸ್ತಾವಿನೊ 1881ರಲ್ಲಿ ಅಮೆರಿಕಕ್ಕೆ ಹೋಗಿ ಇದೇ ವಿದ್ಯೆಯಿಂದ ಹೆಸರಾದ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಕಮಾನುಗಳು ಆತನ ಕಂಪನಿಯವೇ. ಬಾತ್ಯೋ ಗಿರಣಿ ಮಾತ್ರ 1880ರ ದಶಕ ಮುಗಿಯುವಾಗ ಕಾರ್ಮಿಕರೊಂದಿಗಿನ ಕಲಹದ ನಡುವೆ ನಿಂತುಹೋಯಿತು. ಆಮೇಲೆ ಅದನ್ನು ಕೊಂಡು ಶಾಲೆಗಳ ಆವರಣವಾಗಿಸಿದ್ದು ಮತ್ತೆ ಅದೇ ಪ್ರಾಂತ ಪರಿಷತ್ತು. ಮಗ್ಗಗಳು ಸದ್ದು ಮಾಡಿದ ಕಮಾನುಗಳ ಕೆಳಗೆ ಎಂಜಿನಿಯರ್ ಶಾಲೆಯ ಜೊತೆಗೆ ಕೆಲಸಗಾರರ ಶಾಲೆಯೂ ನಡೆಯಿತು.

1964ರಲ್ಲಿ ಕೈಗಾರಿಕಾ ಎಂಜಿನಿಯರುಗಳ ಶಾಲೆ ದಿಯಾಗೊನಾಲ್ ಹೆದ್ದಾರಿಯಲ್ಲಿ ರೊಬೆರ್ತ್ ತೆರ್ರಾದಾಸ್ ವಿನ್ಯಾಸಗೊಳಿಸಿದ ಎತ್ತರದ ಕಟ್ಟಡಕ್ಕೆ ಹೊರಟುಹೋಯಿತು. ಹಳೆಯ ಗಿರಣಿಯಲ್ಲಿ ಉಳಿದಿದ್ದ ಮಧ್ಯಮ ಹಂತದ ತಾಂತ್ರಿಕ ಶಾಲೆಯೂ 2016ರಲ್ಲಿ ಬೆಸೋಸ್ ನದಿಯ ಕಡೆಯ ಹೊಸ ಕ್ಯಾಂಪಸ್ಸಿಗೆ ಸ್ಥಳಾಂತರವಾಯಿತು. ಆವರಣ ಇನ್ನೂ ಪರಿಷತ್ತಿನ ಒಡೆತನದಲ್ಲಿದೆ, ಎಂಟು ಮೂಲೆಯ ಚಿಮಣಿ ಇನ್ನೂ ನಿಂತಿದೆ. ಅಲ್ಲಿ ಏನಿರಬೇಕೆಂಬ ಚರ್ಚೆಯಲ್ಲಿ ಇದನ್ನು ಬರೀ ಚೆಂದದ ಹಳೆಯ ಗಿರಣಿಯೆಂದು ಎಣಿಸಿದರೆ ಅರ್ಧ ವಿಷಯ ತಪ್ಪುತ್ತದೆ. ಪ್ರಯೋಗಾಲಯದ ಉಪಕರಣಗಳು, ವಿದ್ಯಾರ್ಥಿಗಳು ಪದವಿಗಾಗಿ ಬರೆದ ಯಂತ್ರಗಳ ನಕ್ಷೆಗಳು, ಪರಿಷತ್ತು ಮತ್ತು ನಗರಸಭೆಯ ಲೆಕ್ಕದ ಪುಸ್ತಕಗಳಲ್ಲಿ ಶಾಲೆಯ ಹೆಸರಿನ ಮುಂದಿರುವ ಖರ್ಚಿನ ಸಾಲುಗಳು ಕಮಾನುಗಳಷ್ಟೇ ಜತನಕ್ಕೆ ಅರ್ಹ. ಊದುಕುಲುಮೆ, ಚಿಮಣಿಗಳನ್ನು ಸ್ಮಾರಕವಾಗಿ ಉಳಿಸುವುದನ್ನು ಸ್ಪೇನ್ ಚೆನ್ನಾಗಿ ಕಲಿತಿದೆ; ತೆರ್ರಾಸ್ಸಾದಲ್ಲಿ ಲುಯಿಸ್ ಮುಂಕುನಿಲ್ ಕಟ್ಟಿದ ಉಣ್ಣೆ ಗಿರಣಿಯೊಂದು ಈಗ ಕೆಟಲೋನಿಯಾದ ವಿಜ್ಞಾನ ಮತ್ತು ತಂತ್ರಜ್ಞಾನ ಸಂಗ್ರಹಾಲಯವಾಗಿದೆ. 1850ರ ರಾಜಾದೇಶದ ಜೊತೆಗೆ ಬಂದರಿನ ಸುಂಕದ ಕಡತಗಳನ್ನೂ ಯೋಚಾದ ತರಗತಿಗಳ ಹಾಜರಿ ಪಟ್ಟಿಗಳನ್ನೂ ಇಟ್ಟು ತೋರಿಸುವ ಒಂದು ಕೋಣೆಗೆ ಉರ್ಜೆಲ್ ಬೀದಿಯ ಆವರಣಕ್ಕಿಂತ ತಕ್ಕ ಜಾಗ ಬೇರೆಲ್ಲೂ ಸಿಗದು. ಅದನ್ನು ಮಾಡಬೇಕಾದವರೂ ಆ ಖರ್ಚನ್ನು ಅಂದು ಹೊತ್ತಿದ್ದ ನಗರಸಭೆ ಮತ್ತು ಪರಿಷತ್ತುಗಳೇ.